2 ಎಕರೆ ಹಳೇ ಗುಂಡುತೋಪು ಜಾಗ ಇದೆ, ಮಿಯಾವಾಕಿ ಕಾಡು ಮಾಡಿಸೋದಾ ಬೇಡ್ವಾ? ಗೊತ್ತಿರೋರು ಹೇಳಿ

ಲೇಔಟ್_ಹಿಂದಿನ_ತೋಪು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಆಮೇಲೆ ಹೇಳಿ.

ನಾವಿರೋದು ಬೆಂಗಳೂರಿನ ಕನಕಪುರ ರೋಡ್ ಕಡೆ ಒಂದು ಲೇಔಟಲ್ಲಿ. ನಮ್ಮ ಹಿಂದ್ಗಡೆ ಸುಮಾರು 2 ಎಕರೆ ಜಾಗ ಇದೆ, ಒಂದು ಬದಿ ರಾಜಕಾಲುವೆ, ಇನ್ನೊಂದು ಬದಿ ಊರಿಗೆ ಹೋಗೋ ಹಳೇ ರಸ್ತೆ. ಕಂದಾಯ ದಾಖಲೇಲಿ ಗುಂಡುತೋಪು, ಅಂದ್ರೆ ಊರಿಗೆಲ್ಲ ಸೇರಿದ ಮರದ ತೋಪು ಅಂತಾನೇ ಇದೆ. ಆದ್ರೆ ತೋಪು ಅನ್ನೋಕೆ ಈಗ ಉಳಿದಿರೋದು ಮೂರು ಹೊಂಗೆ, ಒಂದು ದೊಡ್ಡ ಹುಣಸೆ, ಅರ್ಧ ಒಣಗಿರೋ ಮಾವು, ಮೂಲೇಲಿ ಕಟ್ಟೆ ಸಮೇತ ಅರಳಿ-ಬೇವು ಅಷ್ಟೇ. ಮಿಕ್ಕಿದ್ದೆಲ್ಲ ಲಂಟಾನ, ಕಾಂಗ್ರೆಸ್ ಗಿಡ, ಸುಬಾಬುಲ್, ಮತ್ತೆ ಯಾರ್ಯಾರೋ ರಾತ್ರಿ ಹೊತ್ತು ಟ್ರ್ಯಾಕ್ಟರಲ್ಲಿ ತಂದು ಸುರಿದಿರೋ ಡೆಬ್ರಿಸ್. ಎರಡು ವರ್ಷ ಓಡಾಡಿ, ಅರ್ಜಿ ಮೇಲೆ ಅರ್ಜಿ ಕೊಟ್ಟು, ಬೇಲಿ ಹಾಕಿಸ್ಕೊಂಡು ನಾವೇ ನೋಡ್ಕೊಳ್ಳೋಕೆ ಅನುಮತಿ ತಗೊಂಡಿದೀವಿ.

ಈಗ ಒಂದು ಕಂಪನಿಯವರು ಸಿಎಸ್ಆರ್ ದುಡ್ಡಲ್ಲಿ (ಕಂಪನಿಗಳು ಸಮಾಜದ ಕೆಲಸಕ್ಕೆ ಇಡೋ ದುಡ್ಡು) ಮಿಯಾವಾಕಿ ಕಾಡು ಮಾಡ್ಕೊಡ್ತೀವಿ ಅಂತ ಬಂದಿದಾರೆ. ಜೆಸಿಬಿ ಬಿಟ್ಟು ಪೂರ್ತಿ ಕ್ಲೀನ್ ಮಾಡಿ, ಮೂರಡಿ ಮಣ್ಣು ತಿರುವಿ, ಗೊಬ್ಬರ ಕೋಕೋಪೀಟ್ ಎಲ್ಲ ಬೆರೆಸಿ, ಚದರ ಮೀಟರಿಗೆ 3 ಗಿಡದ ಲೆಕ್ಕದಲ್ಲಿ ನೆಡ್ತಾರಂತೆ, ಮೂರು ವರ್ಷದಲ್ಲಿ ಕಾಡು ಆಗುತ್ತಂತೆ, ಜೂನ್ 5ಕ್ಕೆ ಪರಿಸರ ದಿನದ ಕಾರ್ಯಕ್ರಮ ಅಲ್ಲೇ ಇಟ್ಕೊಳ್ಳೋಣ ಅಂತಾರೆ. ನಮ್ಮ ಅಸೋಸಿಯೇಶನ್ನಲ್ಲಿ ಮುಕ್ಕಾಲು ಜನಕ್ಕೆ ಖುಷಿ. ನಂಗ್ಯಾಕೋ ಮನಸ್ಸು ಒಪ್ತಿಲ್ಲ, ಆದ್ರೆ ಬೇಡ ಅನ್ನೋಕೆ ಕಾರಣ ಹೇಳೋಕೂ ಬರಲ್ಲ, ನಾನು ಓದಿದ್ದು ಕಾಮರ್ಸು.

ಒಂಬತ್ತನೇ ಕ್ಲಾಸ್ ಓದೋ ಮಗಳು ಮೀಟಿಂಗಲ್ಲಿ ಒಂದೇ ಪ್ರಶ್ನೆ ಕೇಳಿದ್ಲು, ಇಲ್ಲಿ ಮೊದಲು ಏನಿತ್ತು ಅಂತ. ಅಲ್ಲಿ ಕೂತಿದ್ದ ನಲವತ್ತು ಜನದಲ್ಲಿ ಒಬ್ರಿಗೂ ಉತ್ತರ ಗೊತ್ತಿರ್ಲಿಲ್ಲ. ಅವತ್ತಿಂದ ಅದೇ ತಲೇಲಿ ಕೊರೀತಿದೆ. ನಮ್ಮೂರಿನ ಸ್ವಂತ ಗಿಡಮರ ಅಂದ್ರೆ ಯಾವುದು? ಅದನ್ನ ವಾಪಸ್ ತರೋಕೆ ಆಗುತ್ತಾ? ತಂದ್ವಿ ಅಂತ ಗೊತ್ತಾಗೋದು ಹೇಗೆ?

ಬಯಲುಸೀಮೆ_ಕುರುಚಲು

ಮೊದಲು ಒಂದು ಮಾತು, ದಯವಿಟ್ಟು ಜೆಸಿಬಿ ಒಳಗೆ ಬಿಡ್ಬೇಡಿ. ಮಿಕ್ಕಿದ್ದೆಲ್ಲ ನಿಧಾನಕ್ಕೆ ಮಾತಾಡೋಣ. ನಾನು ಸಸ್ಯಪರಿಸರದಲ್ಲೇ ಸಂಶೋಧನೆ ಮಾಡ್ತಿರೋಳು, ಇದೇ ಥರ ಮೂರ್ನಾಲ್ಕು ಜಾಗ ಹತ್ತಿರದಿಂದ ನೋಡಿದೀನಿ.

ಬೆಂಗಳೂರು ಅಂದ್ರೆ ಮೊದಲು ದಟ್ಟ ಕಾಡಿತ್ತು, ನಾವು ಬಂದು ಹಾಳ್ ಮಾಡಿದ್ವಿ ಅಂತ ಎಲ್ರೂ ಅಂದ್ಕೊಂಡಿದಾರೆ. ಹಾಗಿಲ್ಲ. ಇದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಒಣ ಬಯಲು, ವರ್ಷಕ್ಕೆ ಹೆಚ್ಚುಕಮ್ಮಿ 900ರಿಂದ 1000 ಮಿಮೀ ಮಳೆ, ಅದ್ರಲ್ಲಿ ಹೆಚ್ಚಿನದು ಮೇ ಮತ್ತೆ ಆಗಸ್ಟಿಂದ ಅಕ್ಟೋಬರ್ ಒಳಗೆ ಸುರಿದುಹೋಗುತ್ತೆ, ಆಮೇಲೆ ಐದಾರು ತಿಂಗಳು ಒಣ. ಇಂಥ ಕಡೆ ತಾನಾಗೇ ಬೆಳೆಯೋದು ಎಲೆ ಉದುರೋ ಮರಗಳು, ಮುಳ್ಳು ಪೊದೆ, ನಡುನಡುವೆ ಹುಲ್ಲು. ಮುತ್ತುಗ, ಚುಜ್ಜಲು, ಕಕ್ಕೆ, ಅಂಕೋಲೆ, ಎಲಚಿ, ಕಾರೆ, ಕವಳೆ, ತಂಗಡಿ, ಬಂದರಿಕೆ ಇಂಥವು. ಹಳ್ಳದ ದಂಡೇಲಿ ಮಾತ್ರ ಹೊಂಗೆ, ಅತ್ತಿ, ನೇರಳೆ ಥರ ದೊಡ್ಡ ಮರ. ನಿಮಗೆ ಹತ್ತಿರದಲ್ಲೇ ತುರಹಳ್ಳಿ ಕಾಡು ಇದೆಯಲ್ಲ, ಒಂದ್ಸಲ ಬಂಡೆ ಹತ್ತಿ ಸುತ್ತ ನೋಡಿ, ನೀಲಗಿರಿ ಇರೋ ಕಡೆ ಬಿಟ್ಟು ಮಿಕ್ಕಿದ್ದು ಗಮನಿಸಿ. 2021ರಲ್ಲಿ ಅದನ್ನ ಟ್ರೀ ಪಾರ್ಕ್ ಮಾಡ್ಬೇಡಿ ಅಂತ ಜನ ಅಲ್ಲಿ ಯಾಕೆ ನಿಂತ್ರು ಅಂತ ಅರ್ಥ ಆಗುತ್ತೆ. ಹೆಸರಘಟ್ಟದ ಹುಲ್ಲುಗಾವಲಿಗೂ ಇದೇ ಕಷ್ಟ, ಮರ ಇಲ್ಲ ಅಂದ್ರೆ ಪಾಳು ಜಾಗ ಅಂತ ಎಷ್ಟು ವರ್ಷ ಬೇರೆ ಬೇರೆ ಯೋಜನೆಗೆ ಕೇಳಿದ್ರು, 5 ಸಾವಿರ ಎಕರೆಗೂ ಮಿಕ್ಕಿದ ಆ ಜಾಗನ ಸಂರಕ್ಷಣಾ ಮೀಸಲು ಮಾಡೋಕೆ ವನ್ಯಜೀವಿ ಮಂಡಳಿ ಒಪ್ಕೊಂಡಿದ್ದು 2024ರಲ್ಲಿ.

ಈಗ ಮಿಯಾವಾಕಿ ವಿಷಯ. ಅಕಿರಾ ಮಿಯಾವಾಕಿ ಜಪಾನಿನವರು, ಅಲ್ಲಿ ಮಳೆ ಜಾಸ್ತಿ, ಕಾಡು ದಟ್ಟ. ಅವರು ಹೇಳಿದ್ದ ಮೊದಲನೇ ಪಾಠ ಏನಂದ್ರೆ ಈ ಜಾಗದ ಸ್ವಂತ ಸಸ್ಯವರ್ಗ ಯಾವುದು ಅಂತ ಓದ್ಕೊಳ್ಳಿ, ಆಮೇಲೆ ನೆಡಿ ಅಂತ. ನಮ್ಮಲ್ಲಿ ಆ ಮೊದಲನೇ ಪಾಠ ಬಿಟ್ಟು ಒತ್ತೊತ್ತಾಗಿ ನೆಡೋದನ್ನ ಮಾತ್ರ ತಗೊಂಡಿದಾರೆ. ಲೆಕ್ಕ ಹಾಕಿ ನೋಡಿ, 2 ಎಕರೆ ಅಂದ್ರೆ ಸುಮಾರು 8 ಸಾವಿರ ಚದರ ಮೀಟರ್, ಮೀಟರಿಗೆ 3 ಅಂದ್ರೆ 24 ಸಾವಿರ ಗಿಡ. ಎರಡು ಮೂರು ಬೇಸಿಗೆ ಅಷ್ಟಕ್ಕೂ ನೀರು ಎಲ್ಲಿಂದ ತರ್ತೀರಿ, ಟ್ಯಾಂಕರಾ? ಬಿಸಿಲು ಬೇಕಾದ ಹುಲ್ಲು, ತಂಗಡಿ, ಎಕ್ಕ, ಇವನ್ನ ನಂಬ್ಕೊಂಡಿರೋ ಚಿಟ್ಟೆ, ನೆಲದಲ್ಲಿ ಗೂಡು ಮಾಡೋ ಒಂಟಿ ಜೇನುಗಳು, ಇವಕ್ಕೆಲ್ಲ ಆ ಕತ್ತಲೆ ತೋಪಲ್ಲಿ ಜಾಗ ಇರಲ್ಲ. ಜೇನು ಅಂದ್ರೆ ಎಲ್ಲಾ ಗೂಡು ಕಟ್ಟಿ ಒಟ್ಟಿಗಿರೋದು ಅಂದ್ಕೋತೀವಿ, ಆದ್ರೆ ಜೇನು ಜಾತಿಗಳಲ್ಲಿ ಬಹಳಷ್ಟು ಒಂಟಿಯಾಗಿ ನೆಲದಲ್ಲಿ ತೂತು ಕೊರೆದು ಬದುಕೋವು, ಅವಕ್ಕೆ ಬರೀ ಮಣ್ಣು ಕಾಣೋ ನೆಲ ಬೇಕು. ನಾವು ಅದನ್ನೇ ಖಾಲಿ ಬಿದ್ದಿದೆ ಅಂತೀವಿ.

ಇನ್ನು ಜೆಸಿಬಿ ಯಾಕೆ ಬೇಡ ಅಂದ್ರೆ, ಲಂಟಾನ ಕೆಳಗೆ ಹಳೇ ಬೇರು ಜೀವ ಹಿಡ್ಕೊಂಡಿರುತ್ತೆ. ಮುತ್ತುಗ, ಅಂಕೋಲೆ, ಕಾರೆ ಇವೆಲ್ಲ ಎಷ್ಟು ಸಲ ಕಡಿದ್ರೂ ಬುಡದಿಂದ ಮತ್ತೆ ಚಿಗುರ್ತವೆ. ಮೂರಡಿ ಮಣ್ಣು ತಿರುವಿದ್ರೆ ಅದೂ ಹೋಯ್ತು, ಮಣ್ಣೊಳಗಿರೋ ಬೀಜನೂ ಹೋಯ್ತು. ನಿಮ್ಮ ಮಗಳ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ, ಅದನ್ನೇ ಕಿತ್ತುಹಾಕಿ 24 ಸಾವಿರ ಗಿಡ ನೆಟ್ಟಂಗಾಗುತ್ತೆ.

ಜಯನಗರ_9ನೇಬ್ಲಾಕ್

ನಮ್ಮ ಆಫೀಸ್ ಹಿಂದೆ ಮಿಯಾವಾಕಿ ಮಾಡಿದಾರೆ, ನಾಲ್ಕು ವರ್ಷ ಆಯ್ತು, ಚೆನ್ನಾಗಿ ಬಂದಿದೆ, ಹಕ್ಕಿಗಳೂ ಬರ್ತವೆ. ಸುಮ್ನೆ ಎಲ್ಲದಕ್ಕೂ ಬೇಡ ಅನ್ಬೇಡಿ.

ಬಯಲುಸೀಮೆ_ಕುರುಚಲು

ಖಂಡಿತ ಸರ್, ಪೂರ್ತಿ ಕಾಂಕ್ರೀಟ್ ಆಗಿರೋ, ಏನೂ ಉಳಿದಿಲ್ಲದ ಜಾಗದಲ್ಲಿ ಮಾಡಿದ್ರೆ ನಾನೂ ಬೇಡ ಅನ್ನಲ್ಲ, ಧೂಳು ತಡೆಯುತ್ತೆ, ನೆರಳು ಕೊಡುತ್ತೆ. ಇಲ್ಲಿ ಜೀವ ಇನ್ನೂ ಉಳಿದಿದೆ, ಅದಕ್ಕೇ ಹೇಳಿದ್ದು.

ಊರವನು_ಇಲ್ಲೇ

ಮೇಡಂ ಹೇಳಿದ್ದು ಸರಿ ಇದೆ. ನಾನು ಅದೇ ಕಡೆಯವನು, ನೀವು ಹೇಳ್ತಿರೋ ಜಾಗ ಯಾವ್ದು ಅಂತ ನನಗೆ ಅಂದಾಜು ಸಿಕ್ತು, ಹೆಸರು ಬೇಡ. ನನಗೀಗ ಅರವತ್ತೇಳು. ಹುಡುಗರಾಗಿದ್ದಾಗ ದನ ಹೊಡ್ಕೊಂಡು ಹೋಗ್ತಿದ್ದಿದ್ದು ಅಲ್ಲಿಗೇ.

ಮಗು ಕೇಳಿದ್ದಕ್ಕೆ ಹೇಳ್ತೀನಿ. ತೋಪು ಇದ್ದಿದ್ದು ಪೂರ್ತಿ ಜಾಗದಲ್ಲಿ ಅಲ್ಲ. ರಸ್ತೆ ಕಡೆ ಅರ್ಧ ಮಾತ್ರ ತೋಪು. ಮಾವು, ಹಲಸು, ನೇರಳೆ, ಹುಣಸೆ, ಹೊಂಗೆ, ಎರಡು ಇಪ್ಪೆ ಮರ ಇದ್ವು, ಎಲ್ಲ ನಮ್ಮ ಹಿರೀಕರು ನೆಟ್ಟಿದ್ದು, ತಾನಾಗಿ ಹುಟ್ಟಿದ್ದಲ್ಲ. ಸಂತೆಗೆ ಹೋಗೋ ಗಾಡಿಗಳು ಅಲ್ಲಿ ಎತ್ತು ಬಿಚ್ಚಿ ಮಧ್ಯಾಹ್ನ ಕಳೀತಿದ್ವು. ಜಾತ್ರೆ ಟೈಮಲ್ಲಿ ಅಡುಗೆ ಅಲ್ಲೇ. ಹೊಂಗೆ ಸೊಪ್ಪು ಗದ್ದೆಗೆ ಗೊಬ್ಬರ, ಹೊಂಗೆ ಬೀಜ ಎಣ್ಣೆಗೆ, ಯಾರೂ ಹಸಿ ಮರ ಕಡಿಯಂಗಿಲ್ಲ ಅಂತ ಊರಲ್ಲಿ ಕಟ್ಟು. ಕಾಲುವೆ ಅಂತೀರಲ್ಲ, ಅದು ಆಗ ಹಳ್ಳ, ಮಳೆಗಾಲದಲ್ಲಿ ಮೇಲಿನ ಕೆರೆ ಕೋಡಿ ಬಿದ್ರೆ ಆ ನೀರು ಕೆಳಗಿನ ಕೆರೆಗೆ ಹೋಗ್ತಿತ್ತು, ದಂಡೇಲಿ ಲಕ್ಕಿ ಗಿಡ, ಅತ್ತಿ ಮರ.

ಹಳ್ಳಕ್ಕೂ ತೋಪಿಗೂ ಮಧ್ಯ ಇದ್ದಿದ್ದು ಬಯಲು. ಅಲ್ಲಿ ಪ್ಯಾಂಟಿಗೆ ಪಂಚೆಗೆ ಚುಚ್ಕೊಳ್ಳೋ ಬೀಜದ ಹುಲ್ಲು, ಕವಳೆ ಹಣ್ಣಿನ ಪೊದೆ, ಚುಜ್ಜಲು ಮರ ಚಿಕ್ಕಚಿಕ್ಕವು. ನಮ್ಮಮ್ಮ ಆ ಚುಜ್ಜಲು ಸೊಪ್ಪು ಒಣಗಿಸಿ ಪುಡಿ ಮಾಡಿ ಶನಿವಾರ ಎಣ್ಣೆ ಹಚ್ಚಿದ ತಲೆಗೆ ಉಜ್ಜೋಳು, ಶ್ಯಾಂಪೂ ಎಲ್ಲಿತ್ತು. ಗೌಜಲ ಹಕ್ಕಿ ಬೆಳಿಗ್ಗೆ ಬೆಳಿಗ್ಗೆ ಕೂಗೋದು ನನ್ನ ಕಿವೀಲಿ ಇವತ್ತಿಗೂ ಇದೆ. ಮೊಲ ಇದ್ವು. ಫೆಬ್ರವರಿ ಮಾರ್ಚಲ್ಲಿ ಮುತ್ತುಗ ಹೂ ಬಿಟ್ರೆ ಆ ಬದಿ ಎಲ್ಲಾ ಕೆಂಪು. ಮುತ್ತುಗದೆಲೇಲಿ ಊಟದ ಎಲೆ ಹಚ್ತಿದ್ವಿ.

ನೀವು ಒಂದಿನ ಫೋನ್ ಮಾಡಿ ಅಂತ ಹೇಳೋಕೆ ಇಲ್ಲಿ ನಂಬರ್ ಹಾಕಂಗಿಲ್ಲ. ಭಾನುವಾರ ಬೆಳಿಗ್ಗೆ ಏಳಕ್ಕೆ ಅರಳಿಕಟ್ಟೆ ಹತ್ರ ಬಂದಿರ್ತೀನಿ, ಬನ್ನಿ, ಮಗಳನ್ನೂ ಕರ್ಕೊಂಡ್ಬನ್ನಿ.

ಮಳೆಮರದ_ಹಾಲಕ್ಕಿ

ಎಲ್ಲ ಓದಿದೆ, ಕಣ್ಣು ತುಂಬಿ ಬಂತು. ಆದ್ರೂ ಒಂದು ವಿಷಯ ಯಾರೂ ಹೇಳ್ಲಿಲ್ಲ ಅದಕ್ಕೆ ಬರೀತಿದೀನಿ. ಸ್ಥಳೀಯ ಗಿಡ ಅಂತ ಹೊರಟೋರು ಮುಂದಿನ ಹೆಜ್ಜೇಲಿ ಹೊರಗಿನ ಮರ ಕಡೀಬೇಕು ಅಂತಾರೆ, ಆ ತಪ್ಪು ಮಾಡ್ಬೇಡಿ.

ಬೆಂಗಳೂರಿನ ರಸ್ತೆ ಮರಗಳಲ್ಲಿ ಬಹಳಷ್ಟು ಹೊರಗಿನವೇ. ಮಳೆಮರ, ಜಕರಂಡಾ, ಟಬೂಬಿಯಾ ದಕ್ಷಿಣ ಅಮೆರಿಕಾ ಕಡೆಯವು, ಗುಲ್‌ಮೊಹರ್ ಮಡಗಾಸ್ಕರಿಂದು. ನಮ್ಮ ಹುಣಸೇನೇ ಆಫ್ರಿಕಾದಿಂದ ಯಾವ ಕಾಲದಲ್ಲೋ ಬಂದಿದ್ದು, ಅದನ್ನ ನಮ್ದಲ್ಲ ಅನ್ನೋಕೆ ಆಗುತ್ತಾ? ನಮ್ಮ ರಸ್ತೆ ಮಳೆಮರದ ಪೊಟರೇಲಿ ಹಾಲಕ್ಕಿ ಜೋಡಿ ಆರು ವರ್ಷದಿಂದ ಮರಿ ಮಾಡ್ತಿದೆ, ಒಣಗಿದ ಕೊಂಬೇಲಿ ಕುಟ್ರುಹಕ್ಕಿ ತೂತು ಕೊರೆದಿದೆ. ಟಾಟಾ ಇನ್ಸ್ಟಿಟ್ಯೂಟ್ (ಐಐಎಸ್‌ಸಿ) ಕ್ಯಾಂಪಸ್ 1909ರಲ್ಲಿ ಶುರುವಾದಾಗ ಬಹುಪಾಲು ಬಯಲೇ, ಈಗಿನ ಹಸಿರು ಆಮೇಲೆ ನೆಟ್ಟಿದ್ದು, ಆದ್ರೂ ಅಲ್ಲಿ ಕಾಡುಪಾಪ (ಸ್ಲೆಂಡರ್ ಲೋರಿಸ್) ಇದೆ. ಕಾಡುಪಾಪಕ್ಕೆ ನೆಗೆಯೋಕೆ ಬರಲ್ಲ, ಕೊಂಬೆಯಿಂದ ಕೊಂಬೆಗೆ ಕೈ ಚಾಚಿ ಹಿಡ್ಕೊಂಡೇ ಹೋಗ್ಬೇಕು, ಮಧ್ಯ ಒಂದು ಮರ ಹೋದ್ರೆ ಅದರ ದಾರಿನೇ ಮುಚ್ಚೋಯ್ತು. ಆ ಮರ ಯಾವ ದೇಶದ್ದು ಅಂತ ಅದು ನೋಡಲ್ಲ.

ಇನ್ನೊಂದು ಬಿಸಿಲು. ನಮ್ಮ ಊರಲ್ಲೇ ರಸ್ತೆ ಮರಗಳ ಮೇಲೆ ಮಾಡಿದ, 2013ರಲ್ಲಿ ಪ್ರಕಟವಾದ ಅಧ್ಯಯನ ಇದೆ, ಮರ ಇರೋ ರಸ್ತೇಲಿ ಗಾಳಿಯ ತಾಪ 5.6 ಡಿಗ್ರಿವರೆಗೂ ಕಮ್ಮಿ, ಡಾಂಬರು ಮೇಲಂತೂ 27.5 ಡಿಗ್ರಿವರೆಗೂ ಕಮ್ಮಿ ಅಂತ ಅಳೆದು ತೋರ್ಸಿದಾರೆ. ತಳ್ಳುಗಾಡಿಯವ್ರು, ಪೌರಕಾರ್ಮಿಕರು, ಡೆಲಿವರಿ ಹುಡುಗರು ಆ ನೆರಳಲ್ಲೇ ಬದುಕೋದು. ಕುರುಚಲು ಬಯಲು ಅಂತ ಮಾಡಿ ಜನಕ್ಕೆ ಕೂರೋ ನೆರಳಿಲ್ಲ ಅಂದ್ರೆ ನಾಳೆ ಅದನ್ನ ಉಳಿಸೋಕೆ ಯಾರೂ ಬರಲ್ಲ. ಊರವನು ಸರ್ ಹೇಳ್ದಂಗೆ ರಸ್ತೆ ಕಡೆ ಅರ್ಧ ತೋಪೇ ಆಗ್ಲಿ.

ಬಯಲುಸೀಮೆ_ಕುರುಚಲು

ನೂರಕ್ಕೆ ನೂರು ಒಪ್ತೀನಿ. ದೊಡ್ಡ ಮರ ಯಾವ್ದನ್ನೂ ಮುಟ್ಟೋದು ಬೇಡ, 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿ ಅನುಮತಿ ಬೇಕು ಅನ್ನೋದು ಒಂದು ಕಡೆ, ಅದಿಲ್ಲದಿದ್ರೂ ಬೇಡ. ಒಣಗ್ತಿರೋ ಆ ಮಾವಿನ ಮರನೂ ಬಿಡಿ, ಸತ್ತ ಕೊಂಬೇಲಿ ಇರೋವಷ್ಟು ಜೀವ ಹೊಸ ಗಿಡದಲ್ಲಿ ಇರಲ್ಲ. ದಾರಿ ಮೇಲೆ ಬೀಳೋ ಹಂಗಿರೋ ಕೊಂಬೆ ಮಾತ್ರ ತೆಗೆಸಿ.

ಮತ್ತೆ ಊರವನು ಸರ್, ನೀವು ಬರೆದಿದ್ದು ನಮಗೆ ಯಾವ ಪುಸ್ತಕದಲ್ಲೂ ಸಿಗಲ್ಲ. ಇದನ್ನ ಯಾರಾದ್ರೂ ನಕ್ಷೆ ಥರ ಬರ್ಕೊಳ್ಳಿ, ಎಲ್ಲಿ ಬಯಲು, ಎಲ್ಲಿ ತೋಪು, ಎಲ್ಲಿ ಹಳ್ಳ. ಗುಂಡುತೋಪುಗಳ ಬಗ್ಗೆ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಹರಿಣಿ ನಾಗೇಂದ್ರ ಮತ್ತೆ ಸೀಮಾ ಮುಂಡೋಳಿ ಅವರು ಹೀಗೇ ಊರೂರು ಸುತ್ತಿ ಹಿರಿಯರ ಹತ್ರ ಕೂತು ಕೇಳಿ ದಾಖಲೆ ಮಾಡಿದಾರೆ.

ಲಂಟಾನ_ಕಿತ್ತವಳು

ನಮ್ಮ ಅನುಭವ ಹೇಳ್ತೀನಿ, ನಾವು ಮಾಡಿದ ತಪ್ಪು ನೀವು ಮಾಡದೇ ಇರ್ಲಿ ಅಂತ. ನಮ್ಮ ಕೆರೆ ಬದೀಲಿ ಒಂದೇ ವಾರಾಂತ್ಯ ಎಂಬತ್ತು ಜನ ಸೇರಿ ಪೂರ್ತಿ ಲಂಟಾನ ಮಚ್ಚಲ್ಲಿ ಸವರಿದ್ವಿ. ಫೋಟೋ ಎಲ್ಲ ಚೆನ್ನಾಗಿ ಬಂತು. ಎರಡು ಮಳೆ ಬಿದ್ದ ಮೇಲೆ ಮೊದಲಿಗಿಂತ ದಟ್ಟವಾಗಿ ಎದ್ದು ನಿಂತಿತ್ತು. ಅದಕ್ಕಿಂತ ಬೇಜಾರಾಗಿದ್ದು ಏನಂದ್ರೆ ಅದರೊಳಗೆ ಪಿಕಳಾರ ಹಕ್ಕಿಗಳು ಗೂಡು ಕಟ್ಟಿದ್ವು, ನಾವು ನೋಡೇ ಇರ್ಲಿಲ್ಲ.

ಆಮೇಲೆ ಕಲಿತಿದ್ದು ದೆಹಲಿಯ ಸಿ.ಆರ್. ಬಾಬು ಅವರ ತಂಡದ ವಿಧಾನ. ಗುದ್ದಲೀಲಿ ಬುಡ ಬಿಡಿಸಿ, ನೆಲದಿಂದ ಎರಡು ಮೂರು ಬೆರಳು ಕೆಳಗೆ ಮುಖ್ಯ ಬೇರನ್ನ ಕತ್ತರಿಸ್ಬೇಕು, ಚಿಗುರೋ ಶಕ್ತಿ ಇರೋದು ಆ ಮೇಲಿನ ಭಾಗದಲ್ಲೇ. ಕತ್ತರಿಸಿದ ಪೊದೇನ ತಲೆಕೆಳಗಾಗಿ ನಿಲ್ಲಿಸ್ಬಿಡಿ, ಒಣಗೋಗುತ್ತೆ. ಮಣ್ಣು ಜಾಸ್ತಿ ಕೆದಕಲ್ಲ, ಔಷಧಿ ಹೊಡೆಯೋದು ಬೇಕಿಲ್ಲ. ಕಾಯಿ ಹಣ್ಣಾಗೋ ಮೊದಲು ಮಾಡಿ. ಎರಡು ಮೂರು ವರ್ಷ ಹಕ್ಕಿ ಕೂರೋ ಮರಗಳ ಕೆಳಗೆ ಹೊಸ ಸಸಿ ಬರ್ತಾನೇ ಇರುತ್ತೆ, ಮಳೆ ಬಂದ ಮಾರನೇ ದಿನ ಕೈಯಲ್ಲೇ ಸಲೀಸಾಗಿ ಕೀಳ್ಬೋದು. ಮತ್ತೆ ಒಂದೇ ಸಲ ಪೂರ್ತಿ ತೆಗೀಬೇಡಿ, ಕಾಲು ಭಾಗ ಕಾಲು ಭಾಗ ಮಾಡಿ, ಇರೋ ಹಕ್ಕಿಗಳು ಪಕ್ಕಕ್ಕೆ ಸರಿಯೋಕೆ ಟೈಮ್ ಸಿಗುತ್ತೆ.

ಬೇರು ಅಂದಾಗ ನೆನಪಾಯ್ತು, ಜೋಧಪುರದಲ್ಲಿ ಕೋಟೆ ಕೆಳಗಿನ ಬಂಡೆ ಜಾಗ ಇದೆ, ರಾವ್ ಜೋಧಾ ಪಾರ್ಕ್ ಅಂತ, 2006ರಲ್ಲಿ ಕೆಲಸ ಶುರುವಾಗಿದ್ದು. ಅಲ್ಲಿ ಪೂರ್ತಿ ನಮ್ಮ ಬಳ್ಳಾರಿ ಜಾಲಿನೇ ತುಂಬ್ಕೊಂಡಿತ್ತು. ಕಡಿದ್ರೆ ಬರುತ್ತೆ, ಸುಟ್ರೆ ಬರುತ್ತೆ. ಕೊನೆಗೆ ಕಲ್ಲು ಗಣಿ ಕೆಲಸ ಗೊತ್ತಿರೋ ಜನಾನ ಕರೆಸಿ, ಅವರು ಸುತ್ತಿಗೇಲಿ ಬಂಡೆ ತಟ್ಟಿ ಸದ್ದು ಕೇಳಿ ಎಲ್ಲಿ ಒಡೀಬೇಕು ಅಂತ ಗುರುತು ಹಿಡಿದು ಉಳಿಯಿಂದ ಒಂದೊಂದೇ ಬೇರು ತೆಗೆದ್ರು. ಆ ತಾಳ್ಮೆ ಬೇಕು.

ಡೆಬ್ರಿಸ್ ಮಾತ್ರ ಪೂರ್ತಿ ಹೊರಗೆ ಹಾಕ್ಸಿ, ಸಿಮೆಂಟ್ ಸುಣ್ಣ ಮಣ್ಣಲ್ಲಿ ಬೆರೆತ್ರೆ ನಮ್ಮ ಗಿಡಗಳು ಏಳಲ್ಲ. ಸಿಎಸ್ಆರ್ ದುಡ್ಡು ಇದಕ್ಕೆ ಕೇಳಿ, ಗಿಡಕ್ಕಲ್ಲ.

ಬಯಲುಸೀಮೆ_ಕುರುಚಲು

ತಂದ್ವಿ ಅಂತ ಗೊತ್ತಾಗೋದು ಹೇಗೆ ಅಂತ ಕೇಳಿದ್ರಲ್ಲ, ಅದು ಬಾಕಿ ಇತ್ತು. ನನ್ನ ಪ್ರಕಾರ ಇದೇ ಮುಖ್ಯ ಪ್ರಶ್ನೆ, ಯಾಕಂದ್ರೆ ಎಲ್ಲಾ ಕಡೆ ಎಷ್ಟು ಗಿಡ ನೆಟ್ರು ಅಂತ ಬೋರ್ಡ್ ಇರುತ್ತೆ, ಎಷ್ಟು ಬದುಕಿದ್ವು ಅಂತ ಇರಲ್ಲ.

ಈ ವರ್ಷ ನೆಡೋದೇ ಬೇಡ. ಜಾಗನ ಮೂರು ಪಾಲು ಮಾಡಿ. ಒಂದು ಪಾಲಲ್ಲಿ ಲಂಟಾನ ತೆಗೆದು ಸುಮ್ನೆ ಬಿಡಿ, ಒಂದರಲ್ಲಿ ಲಂಟಾನ ತೆಗೆದು ಮುಂದಿನ ವರ್ಷ ಬೀಜ ಹಾಕಿ, ಒಂದನ್ನ ಮುಟ್ಟಲೇಬೇಡಿ. ಮುಟ್ಟದೇ ಇರೋದು ಇಲ್ಲ ಅಂದ್ರೆ ಹೋಲಿಸೋಕೆ ಏನೂ ಇರಲ್ಲ, ಬದಲಾವಣೆ ನಿಮ್ಮಿಂದ ಆಯ್ತಾ ಒಳ್ಳೆ ಮಳೆಯಿಂದ ಆಯ್ತಾ ಗೊತ್ತಾಗಲ್ಲ. ಪ್ರತಿ ಪಾಲಲ್ಲೂ 10 ಮೀಟರ್ ಚೌಕ ಎರಡೆರಡು ಗುರುತು ಮಾಡಿ, ಅದರೊಳಗಿನ ಮರಗಳ ಸುತ್ತಳತೆ ಎದೆ ಮಟ್ಟದಲ್ಲಿ ಅಂದ್ರೆ 1.3 ಮೀಟರಲ್ಲಿ ಟೇಪ್ ಹಿಡಿದು ಬರ್ಕೊಳ್ಳಿ. ಅದರ ಮೂಲೇಲಿ 1 ಮೀಟರ್ ಚೌಕ, ಅಲ್ಲಿ ಪ್ರತಿ ಸಸಿ ಎಣಿಸಿ. ಒಂದು ಕಲ್ಲು ನೆಟ್ಟು ಅದರ ಮೇಲೆ ನಿಂತು ತಿಂಗಳಿಗೊಂದು ಫೋಟೋ, ಅದೇ ದಿಕ್ಕಿಗೆ. ಬುಡ ಇಲ್ಲದ ಡಬ್ಬ ಮಣ್ಣಿಗೆ ಒತ್ತಿ ಒಂದು ಲೀಟರ್ ನೀರು ಸುರಿದು ಇಂಗೋಕೆ ಎಷ್ಟು ನಿಮಿಷ ಅಂತ ನೋಡಿ, ಡೆಬ್ರಿಸ್ ಇದ್ದ ಕಡೆಗೂ ಹೊಂಗೆ ಕೆಳಗೂ ಎಷ್ಟು ವ್ಯತ್ಯಾಸ ಅಂತ ಮಕ್ಕಳಿಗೆ ಒಂದೇ ಸಲಕ್ಕೆ ಅರ್ಥ ಆಗುತ್ತೆ. ಕಂಡಿದ್ದನ್ನ ದಾಖಲಿಸೋಕೆ ಆ್ಯಪ್ ಇವೆ, ಹಕ್ಕಿಗೆ ಇಬರ್ಡ್, ಮಿಕ್ಕಿದ್ದಕ್ಕೆ ಐನ್ಯಾಚುರಲಿಸ್ಟ್, ಹೆಸರು ಗೊತ್ತಿಲ್ಲ ಅಂದ್ರೂ ಫೋಟೋ ಹಾಕಿ.

ಚಿಟ್ಟೆ ಜೊತೆ ಅದರ ಮರಿ ತಿನ್ನೋ ಗಿಡನೂ ಬರ್ಕೊಳ್ಳಿ. ಎಕ್ಕದ ಮೇಲೆ ಪಟ್ಟೆ ಪಟ್ಟೆ ಹುಳ ಕಂಡ್ರೆ ಕೀಟ ಅಂತ ಕೊಲ್ಲಬೇಡಿ, ಅದು ಪ್ಲೇನ್ ಟೈಗರ್ ಚಿಟ್ಟೆ ಮರಿ.

ಬೀಜ ಮಾತ್ರ ಈಗಿಂದಾನೇ ಕೂಡಿಡೋಕೆ ಶುರು ಮಾಡ್ಬೋದು. ಆದ್ರೆ ನೇರಳೆ, ಬೇವು ಇಡೋಕಾಗಲ್ಲ, ಹಣ್ಣು ಬಿದ್ದ ಒಂದೆರಡು ವಾರದಲ್ಲಿ ಮಣ್ಣು ಸೇರ್ಬೇಕು. ಕಕ್ಕೆ ಬೀಜದ ಸಿಪ್ಪೆ ಗಟ್ಟಿ, ಉಪ್ಪುಕಾಗದದಲ್ಲಿ ಉಜ್ಜಿ ಹಾಕಿ. ನರ್ಸರಿಯಿಂದ ಆಳೆತ್ತರದ ಗಿಡ ಬೇಡ, ಪ್ಯಾಕೆಟಲ್ಲಿ ಬೇರು ಸುರುಳಿ ಸುತ್ಕೊಂಡಿರುತ್ತೆ, ನಾಲ್ಕೈದು ವರ್ಷ ಆದ್ಮೇಲೆ ಗಾಳಿಗೆ ಬೀಳ್ತವೆ.

ಲೇಔಟ್_ಹಿಂದಿನ_ತೋಪು

ಎಲ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಭಾನುವಾರ ಹೋಗಿದ್ವಿ. ಊರವನು ಸರ್ ನಮಗಿಂತ ಮೊದಲೇ ಬಂದು ಕಟ್ಟೆ ಮೇಲೆ ಕೂತಿದ್ರು. ಮಗಳು ನೋಟ್ ಬುಕ್ಕಲ್ಲಿ ಅವರು ಹೇಳಿದ್ದೆಲ್ಲ ನಕ್ಷೆ ಬರ್ಕೊಂಡ್ಲು, ಇಪ್ಪೆ ಮರ ಇದ್ದ ಜಾಗನ ಅವರು ಹೆಜ್ಜೆ ಎಣಿಸಿ ತೋರ್ಸಿದ್ರು, ಅಲ್ಲೀಗ ಟ್ರಾನ್ಸ್‌ಫಾರ್ಮರ್ ಇದೆ.

ಆಮೇಲೆ ಕಾಲುವೆ ಕಡೆ ಲಂಟಾನ ಪಕ್ಕಕ್ಕೆ ಸರಿಸ್ತಾ ಹೋದ್ವಿ. ಮೊಣಕಾಲುದ್ದ ಒಂದು ಗಿಡ ನೋಡಿ ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತ್ಬಿಟ್ರು. ಒಂದು ಕಡ್ಡೀಲಿ ಮೂರು ಎಲೆ, ಅಂಗೈ ಅಗಲ, ದಪ್ಪ. ಮುತ್ತುಗ. ಬುಡ ನನ್ನ ತೋಳಿನಷ್ಟು ದಪ್ಪ ಇದೆ, ಎಷ್ಟು ಸಲ ಕಡಿದಿದಾರೋ, ಎಷ್ಟು ವರ್ಷದಿಂದ ಹಿಂಗೇ ಚಿಗುರ್ತಾ ಇದೆಯೋ. ಹುಡುಕ್ತಾ ಹೋದ್ರೆ ಹನ್ನೊಂದು ಸಿಕ್ತು, ಎರಡು ಕವಳೆ ಪೊದೆ, ಒಂದು ಅಂಕೋಲೆ. ಚುಜ್ಜಲು ಒಂದೂ ಸಿಗ್ಲಿಲ್ಲ, ಅವರಿಗೆ ಅದೇ ಬೇಜಾರು.

ಕಂಪನಿಯವ್ರಿಗೆ ಹೇಳಿದ್ವಿ. ಡೆಬ್ರಿಸ್ ಸಾಗಿಸೋಕೆ ಬೇಲಿಗೆ ಕೊಡೋಕಾಗಲ್ಲ, ಗಿಡಕ್ಕಾದ್ರೆ ಮಾತ್ರ ಅಂದ್ರು, ಹಾಗಾಗಿ ಅದು ಇಲ್ಲ. ಅಸೋಸಿಯೇಶನ್ನಲ್ಲಿ ಅರ್ಧ ಜನಕ್ಕೆ ಕೋಪ ಇದೆ, ಬಂದ ದುಡ್ಡು ಬಿಟ್ರಿ ಅಂತ. ಹನ್ನೆರಡು ಮನೆಯವ್ರು ನಾವೇ ತಿಂಗಳಿಗಿಷ್ಟು ಹಾಕ್ತೀವಿ ಅಂದಿದಾರೆ, ಎರಡು ಲೋಡ್ ಡೆಬ್ರಿಸ್ ಹೋಗಿದೆ.

ಒಂದೇ ಭಯ, ಈಗ ಏಪ್ರಿಲ್ ಬಂತು, ರಸ್ತೆ ಕಡೆ ಒಣ ಹುಲ್ಲಿಗೆ ಯಾರೋ ಬೀಡಿ ಎಸೆದು ಹೋದ ವರ್ಷ ಬೆಂಕಿ ಬಿದ್ದಿತ್ತು. ಏನ್ ಮಾಡೋದು?

ಲಂಟಾನ_ಕಿತ್ತವಳು

ರಸ್ತೆ ಉದ್ದಕ್ಕೂ ಬೇಲಿ ಒಳಗೆ ಎರಡು ಮೂರು ಮೀಟರ್ ಅಗಲ ಮಾತ್ರ ಹುಲ್ಲು ಕುಯ್ದು ತರಗೆಲೆ ಒಳಗಡೆಗೆ ಎಳೆದು ಹೊಂಗೆ ಬುಡಕ್ಕೆ ಹಾಕಿ. ಪೂರ್ತಿ ಗುಡಿಸ್ಬೇಡಿ. ಮುತ್ತುಗದ ಹನ್ನೊಂದಕ್ಕೂ ಪಕ್ಕದಲ್ಲಿ ಕೋಲು ನೆಟ್ಟು ಬಟ್ಟೆ ಕಟ್ಟಿ, ಕುಯ್ಯೋಕೆ ಬರೋರಿಗೆ ಕಾಣ್ಲಿ.

ಊರವನು_ಇಲ್ಲೇ

ಚುಜ್ಜಲು ನಮ್ಮ ಅಕ್ಕನ ಊರಲ್ಲಿ ಹೊಲದ ಬದಿಗೆ ಇನ್ನೂ ನಾಲ್ಕು ಮರ ಇದೆ. ಬೀಜಕ್ಕೆ ಹೇಳಿದೀನಿ.

ಬಯಲುಸೀಮೆ_ಕುರುಚಲು

ಭಾನುವಾರ ನಾನೂ ಬರ್ತೀನಿ ಸರ್, ಟೇಪು, ಹಗ್ಗ, ಗೂಟ ಎಲ್ಲ ನನ್ನ ಹತ್ರ ಇದೆ. ಮುತ್ತುಗ ಸಿಕ್ಕ ಕಡೆಯೇ ಮೊದಲನೇ ಚೌಕ ಹಾಕೋಣ. ಮಗಳಿಗೆ ಪೆನ್ಸಿಲ್ ತರೋಕೆ ಹೇಳಿ, ಪೆನ್ನಾದ್ರೆ ಇಬ್ಬನಿಗೆ ಅಳಿಸೋಗುತ್ತೆ.